ಮರಳುದಿಬ್ಬದಲ್ಲಿ ಕರಡಿಗೆ

ಕಕ್ಕಸಿನ ಬಾಗಿಲಿಗೂ ಒಲೆಗೂ ನಡುವೆ ಒಂದು ಮೊಳದ ಅಂತರವೂ ಇರಲಿಲ್ಲ. ಸಿದ್ದಲಿಂಗಪ್ಪನವರು ಕ್ಯಾಂಪರ್ ವ್ಯಾನಿನ ಮೆಟ್ಟಿಲು ಹತ್ತಿ ಒಳಗೆ ತಲೆ ಹಾಕಿದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು.

"ಇದರೊಳಗೇ ಉಣ್ಣೋದು, ಇದರೊಳಗೇ ಮಲಗೋದು, ಇದರೊಳಗೇ ಅದೂ?" ಎಂದು ಕೇಳಿದರು.

"ಎಲ್ಲಾ ಸೀಲ್ ಆಗಿರುತ್ತೆ ಅಪ್ಪಾಜಿ, ವಾಸನೆ ಬರಲ್ಲ," ಎಂದ ಮಗ ಶಿವಪ್ರಸಾದ. "ಕೆಳಗಡೆ ಒಂದು ಡಬ್ಬ ಇದೆ. ತುಂಬಿದ್ಮೇಲೆ ನಾನೇ ಎಳ್ಕೊಂಡು ಹೋಗಿ ಖಾಲಿ ಮಾಡ್ತೀನಿ."

"ಇದಕ್ಕೇನಲೇ ನಿನ್ನ ಇಂಜಿನಿಯರಿಂಗ್ ಓದಿಸಿದ್ದು?"

ಸೊಸೆ ನಿವೇದಿತಾ ನಗು ತಡೆಯಲಾರದೆ ಅತ್ತ ತಿರುಗಿದಳು. ಅದನ್ನು ಕಂಡು ಮುದುಕರಿಗೆ ಇನ್ನಷ್ಟು ಸಿಟ್ಟು ಬಂತು.

ಈಚೆಗೆ ಅವರಿಗೆ ಸಿಟ್ಟು ಬರಲು ಕಾರಣವೇ ಬೇಕಾಗಿರಲಿಲ್ಲ. ಮಾಘ ಮಾಸದಲ್ಲಿ ಹೆಂಡತಿ ಕಮಲಮ್ಮ ಲಿಂಗೈಕ್ಯರಾದರು. ಮಣ್ಣು ಮಾಡಿ ಬಂದ ದಿನ ನೆಂಟರೆಲ್ಲ ಅತ್ತರು; ಸಿದ್ದಲಿಂಗಪ್ಪನವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಡವಾಗಿ ಬಂದ ಹಾಲಿನವನ ಮೇಲೆ ಬಂತು, ಸಮಾಧಾನ ಹೇಳಲು ಬಂದವರ ಮೇಲೆ ಬಂತು, ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಲೇ ಇದ್ದ ಗಡಿಯಾರದ ಮೇಲೂ ಬಂತು. ದಾವಣಗೆರೆಯಲ್ಲಿ ಒಬ್ಬರೇ ಇರುವುದು ಬೇಡವೆಂದು ಮಗ ಬೇಸಿಗೆಗೆ ಸ್ವೀಡನ್ನಿಗೆ ಕರೆತಂದ. ಅವನು ಟೋರ್ಸ್‌ಲಾಂಡದ ಕಾರಿನ ಕಾರ್ಖಾನೆಯಲ್ಲಿ ಇಂಜಿನಿಯರು. ಜುಲೈ ಬಂದರೆ ಆ ದೇಶದಲ್ಲಿ ಕಾರ್ಖಾನೆ, ಕಚೇರಿ, ಎಲ್ಲಕ್ಕೂ ರಜೆ. ಊರಿಗೆ ಊರೇ ಸಮುದ್ರದ ದಂಡೆಗೆ ಹೊರಡುತ್ತದೆ. ಅದು ಎರಡು ಸಾವಿರದ ಆರನೆಯ ಇಸವಿ. ಬಿಸಿಲು ಬೇರೆ ಆ ವರ್ಷ ಎಂದಿಲ್ಲದಷ್ಟು ಕಾದಿತ್ತು. ಶಿವಪ್ರಸಾದ ವ್ಯಾನು ಬಾಡಿಗೆಗೆ ಹಿಡಿದ. ಅಪ್ಪ, ಹೆಂಡತಿ, ಏಳು ವರ್ಷದ ಮಗಳು ಮಧುಶ್ರೀ ಎಲ್ಲರನ್ನೂ ಕೂರಿಸಿಕೊಂಡು ಸ್ವೀಡನ್ನಿನದೇ ಆದ ಹಾಲಂಡ್ ಸೀಮೆಯ ಕರಾವಳಿಯ ಮರಳುದಿಬ್ಬಗಳ ಕಡೆಗೆ ಗಾಡಿ ಹೊಡೆದ.

"ನೋಡಿ ಅಪ್ಪಾಜಿ, ಸ್ವೀಡನ್ನಲ್ಲೂ ಮರುಭೂಮಿ!" ಎಂದು ಗಾಡಿ ನಿಲ್ಲಿಸಿ ತೋರಿಸಿದ.

ಪೈನ್ ಮರಗಳ ಸಾಲು ಮುಗಿದ ಕಡೆ ಬಿಳಿ ಮರಳು ಗುಡ್ಡಗುಡ್ಡವಾಗಿ ಎದ್ದಿತ್ತು. ಮೇಲೆಲ್ಲ ಗಾಳಿ ಸಣ್ಣಗೆ ಮರಳಿನ ಹೊಗೆ ಎಬ್ಬಿಸುತ್ತಿತ್ತು. ಅದರಾಚೆಗೆ ಸಮುದ್ರ. ಚೆಂದವಿಲ್ಲ ಎನ್ನುವಂತಿರಲಿಲ್ಲ. ಆದರೆ ಸಿದ್ದಲಿಂಗಪ್ಪನವರು ಏನನ್ನೂ ಚೆಂದ ಎನ್ನುವ ಮನಸ್ಸಿನಲ್ಲಿರಲಿಲ್ಲ. "ಮರಳು ನೋಡಾಕೆ ಇಷ್ಟು ದೂರ ಬರಬೇಕಿತ್ತಾ? ಹರಿಹರದ ಹೊಳೆದಂಡೆ ಸಾಕಿತ್ತಲ್ಲ," ಎಂದರು.

ಮರುದಿನ ಬೆಳಿಗ್ಗೆ ಅವರು ಗಾಡಿಗಳು ತಂಗುವ ಕ್ಯಾಂಪಿನ ಸಾರ್ವಜನಿಕ ಬಚ್ಚಲಲ್ಲಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ದಿಬ್ಬಗಳ ಕಡೆ ಹೊರಟರು. ಕಕ್ಕಸಿರುವ ಡಬ್ಬಿಯೊಳಗೆ ಲಿಂಗಪೂಜೆ ಮಾಡುವುದು ಅವರಿಂದ ಆಗದ ಮಾತು.

"ಮಾವ, ಒಳಗಡೆ ಟೇಬಲ್ ಕ್ಲೀನ್ ಮಾಡಿಟ್ಟಿದೀನಿ," ಎಂದಳು ನಿವೇದಿತಾ.

"ನಿನ್ನ ಟೇಬಲ್ ನೀನೇ ಇಟ್ಕೋಮ್ಮ."

ಅವಳ ತವರಿನವರು ಲಿಂಗ ಕಟ್ಟುವವರಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆಯ ಹತ್ತಿರ ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡಿದ್ದಳು. ಲಿಂಗವಂತರಿಗೆ ಇಷ್ಟಲಿಂಗ ಕೊರಳ ಆಭರಣವಲ್ಲ, ದೇಹದ ಮೇಲೆಯೇ ಇರುವ ದೇವರು, ಅದನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ಶಿವದಾರದಿಂದ ಎದೆಗೆ ಕಟ್ಟಿಕೊಳ್ಳುತ್ತಾರೆ, ಇನ್ನೊಬ್ಬರು ಮುಟ್ಟುವಂತಿಲ್ಲ, ಸತ್ತರೆ ಎಡಗೈಯಲ್ಲಿಟ್ಟು ಅದರೊಡನೆಯೇ ಮಣ್ಣು ಮಾಡುತ್ತಾರೆ. ಸಿದ್ದಲಿಂಗಪ್ಪನವರ ಎದೆಯ ಮೇಲಿದ್ದ ದಾರವನ್ನು ಕಮಲಮ್ಮ ತಮ್ಮ ಕೈಯಾರೆ ಹೊಸೆದದ್ದು. ವರ್ಷಕ್ಕೊಮ್ಮೆ ಶಿವರಾತ್ರಿಗೆ ಹೊಸ ದಾರ ಹೊಸೆದು ಕೊಡುತ್ತಿದ್ದರು. ಈ ಸಲ ಶಿವರಾತ್ರಿ ಬರುವ ಮೊದಲೇ ಹೋದರು. ಹಳೆಯ ದಾರವೇ ಉಳಿಯಿತು. ಬಣ್ಣ ಹೋಗಿ, ಎಳೆ ಎದ್ದು, ಒಂದು ಕಡೆ ಜುಂಗು ಜುಂಗಾಗಿತ್ತು. ಗೋಟೆಬೋರಿಯ ಮಗನ ಮನೆಯಲ್ಲಿದ್ದಾಗಲೇ ನಿವೇದಿತಾ ಗಟ್ಟಿಯಾದ ಹೊಸ ದಾರ ತಂದುಕೊಟ್ಟಿದ್ದಳು. ಅವರು ಅದನ್ನು ಕಿಟಕಿಯ ಮೇಲೆಯೇ ಬಿಟ್ಟು ಬಂದಿದ್ದರು.

ದಿಬ್ಬದ ಮೇಲೆ ಗಾಳಿಗೆ ಮರೆಯಾದ ಒಂದು ತಗ್ಗು ಸಿಕ್ಕಿತು. ಪಕ್ಕದಲ್ಲಿ ಗುಲಾಬಿ ಬಣ್ಣದ ಕಾಡುಹೂವು ಅರಳಿತ್ತು. ಕೂತು ವಿಭೂತಿ ಧರಿಸಿ, ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕುಳಿತರು. ಮಾತಿಲ್ಲ, ಗಡಿಯಾರವಿಲ್ಲ, ಸಮಾಧಾನ ಹೇಳುವವರಿಲ್ಲ. ಎಷ್ಟೋ ತಿಂಗಳಾದ ಮೇಲೆ ಅಂದು ಪೂಜೆಯಲ್ಲಿ ಮನಸ್ಸು ನಿಂತಿತು.

ಮುಗಿಸಿ ಕಟ್ಟಿಕೊಂಡು ಏಳುವ ಹೊತ್ತಿಗೆ ಮಧುಶ್ರೀ ಹುಡುಕಿಕೊಂಡು ಬಂದಳು. "ಅಜ್ಜ, ಕೊಮ್! ಕೊಮ್!" ಎಂದು ಕೈ ಹಿಡಿದು ಕಡಿದಾದ ಇಳಿಜಾರಿನ ಅಂಚಿಗೆ ಎಳೆದಳು. ಬಾ ಎಂದು ಕರೆಯಲು ಅವಳಿಗೆ ಆ ದೇಶದ ಮಾತೇ ಮೊದಲು ಬರುತ್ತಿತ್ತು. ತಾನೇ ಮೊದಲು ಕುಂಡೆ ಊರಿ ಜಾರಿದಳು. ಮುದುಕರೂ ಕೂತರು. ಜಾರಿದರು. ಮರಳು ಸುಯ್ಯೆಂದು ಜೊತೆಗೇ ಇಳಿಯಿತು, ಪಂಚೆ ಮೊಣಕಾಲಿಗೆ ಬಂತು, ಎರಡು ಉರುಳು ಉರುಳಿ ಕೆಳಗೆ ಬಿದ್ದು, ಬಾಯಿಗೆ ಹೊಕ್ಕ ಮರಳನ್ನು ಉಗುಳುತ್ತ ಸಿದ್ದಲಿಂಗಪ್ಪನವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಕಮಲಮ್ಮ ಹೋದ ಮೇಲೆ ಅದೇ ಮೊದಲ ನಗೆ.

ವ್ಯಾನಿನ ಹೊರಗೆ ಮಡಿಚುವ ಕುರ್ಚಿ ಹಾಕಿ ನಿವೇದಿತಾ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟಳು. ತುತ್ತು ಎತ್ತುವ ಮೊದಲು ಲಿಂಗಕ್ಕೆ ತೋರಿಸುವುದು ಅವರ ರೂಢಿ. ಬಲಗೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ವಲ್ಲಿಯ ಕೆಳಗೆ ನೋಡಿಕೊಂಡರು, ಸೊಂಟ ತಡವಿಕೊಂಡರು. ಹರಿದ ದಾರದ ಒಂದು ತುಂಡು ಮಾತ್ರ ಹೆಗಲ ಮೇಲೆ ಅಂಟಿಕೊಂಡಿತ್ತು.

ತಟ್ಟೆಯನ್ನು ಕೆಳಗಿಟ್ಟರು. "ಶಿವು," ಎಂದರು. "ಲಿಂಗ ಬಿದ್ದೋಗೈತಿ."

ಓಡಿದರು. ಇಳಿಜಾರು ಅಷ್ಟರಲ್ಲಾಗಲೇ ತನ್ನ ಗುರುತು ಅಳಿಸಿಕೊಂಡಿತ್ತು. ಅವರು ಜಾರಿದ್ದು ಇಲ್ಲೋ ಅಲ್ಲೋ, ಗಾಳಿ ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಶಿವಪ್ರಸಾದ ಮಗಳ ಪ್ಲಾಸ್ಟಿಕ್ ಸಲಿಕೆಯಿಂದ ಕೆದಕಿದ, ನಿವೇದಿತಾ ಅಡಿಗೆಯ ಜರಡಿ ತಂದು ಮರಳು ಸೋಸಿದಳು. ಎಷ್ಟು ತೆಗೆದರೆ ಅಷ್ಟೇ ಮರಳು ಮೇಲಿನಿಂದ ಇಳಿಯುತ್ತಿತ್ತು. ಬಿಸಿಲು ಏರಿತು.

"ಅಪ್ಪಾಜಿ, ನೀವು ನೆರಳಲ್ಲಿ ಕೂತ್ಕೊಳಿ. ನೀರು ಕುಡೀರಿ."

"ಸಿಗೋ ತನಕ ನೀರು ಬ್ಯಾಡ."

"ಬಿಪಿ ಮಾತ್ರೆಗಾದ್ರೂ ಒಂದು ಗುಟುಕು."

"ಬ್ಯಾಡ ಅಂದ್ನಲ್ಲ! ಪ್ರಾಣ ಮರಳಾಗೆ ಬಿದ್ದೈತಿ, ಇವನು ಮಾತ್ರೆ ಅಂತಾನೆ!"

ಇದು ಅವರು ಹಠಕ್ಕೆ ಹೇಳಿದ ಮಾತಲ್ಲ. ಲಿಂಗ ಅಂಗವನ್ನು ಬಿಟ್ಟರೆ ಅದು ಮತ್ತೆ ಕೈಸೇರುವವರೆಗೆ ಅನ್ನ ನೀರು ಮುಟ್ಟಬಾರದೆಂದು ಅವರ ತಂದೆ ಹೇಳಿದ್ದರು. ತಂದೆಗೆ ಅವರ ಗುರು ಹೇಳಿದ್ದರು. ಸಿಗದೇ ಹೋದರೆ ಏನೆಂದು ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಹೊತ್ತು ಏರಿದ ಮೇಲೆ ಹಸಿರು ಅಂಗಿಯ ಒಬ್ಬ ತರುಣಿ ಬಂದಳು. ಆ ದಿಬ್ಬಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಹಗ್ಗ ಕಟ್ಟಿದ ಕಡೆ ಅಗೆಯಬೇಡಿ, ಆ ಹುಲ್ಲಿನ ಬೇರೇ ಮರಳನ್ನು ಹಿಡಿದು ನಿಲ್ಲಿಸಿರುವುದು ಎಂದು ಮೆಲ್ಲಗೆ ಹೇಳಿದಳು. ಶಿವಪ್ರಸಾದ ಸ್ವೀಡಿಷ್‌ನಲ್ಲಿ ಏನೋ ವಿವರಿಸಿದ. ಅವಳು ಅಯ್ಯೋ ಎಂಬ ಮುಖ ಮಾಡಿ, ತಾನೂ ಬಗ್ಗಿ ನಾಲ್ಕು ಕಡೆ ನೋಡಿ, ತಲೆಯಾಡಿಸಿ ಹೋದಳು.

"ಏನಂದಿ ಅವಳಿಗೆ?"

"ಹಾಲ್ಸ್‌ಬಾಂಡ್ ಕಳೆದೋಗಿದೆ ಅಂದೆ. ನೆಕ್ಲೇಸ್."

"ಸರ?" ಸಿದ್ದಲಿಂಗಪ್ಪನವರು ಮಗನತ್ತ ತಿರುಗಿದರು. "ಸರ ಅಂದ್ಯಾ ಅದನ್ನ? ನಾನೇನು ಮದುವೆ ಮನೆಗೆ ಬಂದ ಹೆಂಗಸೇನಲೇ, ಸರ ಕಳ್ಕೊಂಡು ಅಳಾಕೆ?"

ನಿವೇದಿತಾ ಜರಡಿ ಕೆಳಗಿಟ್ಟಳು. ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು. "ಇನ್ನೇನು ಹೇಳ್ಬೇಕಿತ್ತು ಮಾವ ಅವ್ರು? ದೇವ್ರು ಕಳೆದೋಗಿದೆ ಅಂತನಾ?"

"ಹೌದು. ಹಂಗೇ ಹೇಳ್ಬೇಕಿತ್ತು."

ನಿವೇದಿತಾ ಮತ್ತೆ ಜರಡಿ ಎತ್ತಿಕೊಂಡಳು.

ಪಕ್ಕದ ಗಾಡಿಯ ಬೆಂಗ್ಟ್ ಎಂಬ ಮುದುಕ ಸುದ್ದಿ ಕೇಳಿ, ನೆಲದೊಳಗಿನ ಲೋಹ ಹುಡುಕುವ ಯಂತ್ರ ಹೊತ್ತು ತಂದ. ಉದ್ದನೆಯ ಕೋಲಿನ ತುದಿಗೆ ತಟ್ಟೆ ಕಟ್ಟಿದಂತಿತ್ತು ಅದು. ಕುಯ್ ಎಂದಾಗಲೆಲ್ಲ ಸಿದ್ದಲಿಂಗಪ್ಪನವರು ಎದ್ದು ನಿಲ್ಲುತ್ತಿದ್ದರು. ಬಿಯರ್ ಬಾಟಲಿಯ ಮುಚ್ಚಳ ಸಿಕ್ಕಿತು. ಟೆಂಟಿನ ಗೂಟ ಸಿಕ್ಕಿತು. ಮತ್ತೊಂದು ಮುಚ್ಚಳ. ಪ್ರತಿ ಸಲ ಎದ್ದು, ಪ್ರತಿ ಸಲ ಕೂತು, ಕಡೆಗೆ ಕೂತಲ್ಲೇ ಉಳಿದರು. ಬೆಂಗ್ಟ್ ಬೆವರು ಒರೆಸಿಕೊಂಡು ತನ್ನ ನೀರಿನ ಬಾಟಲಿಯನ್ನೇ ಅವರ ಮುಂದೆ ಹಿಡಿದು, ಕುಡಿಯಿರಿ, ದೇವರೇನೂ ತಪ್ಪು ತಿಳಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ.

"ದೇವರ ಕಡೆಯಿಂದ ಮಾತಾಡಾಕೆ ಇವನ್ಯಾರಂತೆ ಕೇಳಲೇ, ಶಿವು."

ಶಿವಪ್ರಸಾದ ಅದನ್ನು ಬೆಂಗ್ಟ್‌ಗೆ ಹೇಳಲಿಲ್ಲ, ಕೈಮುಗಿದು ಕಳಿಸಿದ. ಬಂದು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಪ್ಪಾಜಿ, ಊರಿಗೆ ಫೋನ್ ಮಾಡಿದ್ದೆ. ರಾಜಶೇಖರ ಚಿಕ್ಕಪ್ಪನ ಹತ್ರ ಮಾತಾಡ್ದೆ. ಮಠದಲ್ಲಿ ಹೇಳಿದ್ರೆ ಹೊಸದು ಕೊಡ್ತಾರಂತೆ. ಇಲ್ಲಿಗೇ ಕೊರಿಯರ್ ಮಾಡಿಸ್ತೀನಿ ಅಂದ್ರು."

ಸಿದ್ದಲಿಂಗಪ್ಪನವರು ಮಗನನ್ನೇ ನೋಡಿದರು. ಒಣಗಿದ ತುಟಿ ಬಿರಿದಿತ್ತು.

"ಕೊರಿಯರ್," ಎಂದರು.

"ಇಲ್ಲ ಅಪ್ಪಾಜಿ, ನಾನು ಹೇಳಿದ್ದು..."

"ನಾಳೆ ನಾನು ಸತ್ತರೆ ಹೊಸ ಅಪ್ಪನ್ನೂ ಕೊರಿಯರಾಗೆ ತರಿಸ್ಕೋ." ಉಸಿರು ಎಳೆದುಕೊಂಡರು. ಆಗ ಅವರ ಕಣ್ಣು ಮಗನ ಕೊರಳ ಮೇಲೆ ನಿಂತಿತು. ಸೆಕೆಗೆ ಅವನು ಅಂಗಿಯ ಗುಂಡಿ ಬಿಚ್ಚಿದ್ದ. "ನಿಂದು ಎಲ್ಲೈತಿ?"

ಶಿವಪ್ರಸಾದ ಗುಂಡಿ ಹಾಕಿಕೊಳ್ಳಲು ಹೋದ, ಹಾಕಿಕೊಳ್ಳಲಿಲ್ಲ.

"ಮನೇಲಿದೆ. ಪಾಸ್‌ಪೋರ್ಟ್ ಇಡೋ ಡ್ರಾಯರಲ್ಲಿ."

"ಯಾವಾಗಿಂದ?"

"ಇಲ್ಲಿ ಕೆಲಸಕ್ಕೆ ಸೇರ್ದಾಗಿಂದ. ಮಿಷಿನ್ ಹತ್ರ ಹೋಗೋರು ಕೊರಳಲ್ಲಿ ಏನೂ ಹಾಕೋ ಹಾಗಿರಲಿಲ್ಲ."

"ಮನೆಗೆ ಬಂದು ಕಟ್ಕೋಬಹುದಿತ್ತು."

"ಕಟ್ಕೊಳ್ತಿದ್ದೆ ಮೊದಮೊದಲು. ಆಮೇಲೆ ಒಂದಿನ ಮರೆತೆ. ಮರೆತಿದ್ದೇ ಅಭ್ಯಾಸ ಆಯ್ತು ಅಪ್ಪಾಜಿ. ಸುಳ್ಳು ಹೇಳಲ್ಲ."

ಮುದುಕರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಹಂಗಾರೆ ಮಾಘದಾಗೆ," ಎಂದರು ನಿಧಾನವಾಗಿ, "ನಿಮ್ಮವ್ವನ್ನ ಸಮಾಧಿಗೆ ಇಳಿಸ್ದಾಗ, ಅವಳ ಅಂಗೈಯಾಗೆ ಲಿಂಗ ಇಟ್ಟಾಗ, ನೀನು ಬರೀ ಕೊರಳಾಗೆ ನಿಂತಿದ್ದೆ."

ಶಿವಪ್ರಸಾದನ ಕೈ ಬರಿಗೊರಳಿಗೆ ಹೋಯಿತು.

"ಎದ್ದು ಹೋಗು."

"ಅಪ್ಪಾಜಿ..."

"ಹೋಗಲೇ ನನ್ನ ಮುಂದಿನಿಂದ!"

ಅವನು ಎದ್ದು ಹೋಗಿ ಮತ್ತೆ ಇಳಿಜಾರಿನಲ್ಲಿ ಬಗ್ಗಿದ. ಸಿದ್ದಲಿಂಗಪ್ಪನವರು ಪೈನ್ ಮರದ ಬೊಡ್ಡೆಗೆ ಒರಗಿ, ಕಣ್ಣು ಮುಚ್ಚಿ, ಮಗನನ್ನು ಬೈದರು, ಸೊಸೆಯನ್ನು ಬೈದರು, ಆ ಡಬ್ಬಿ ಗಾಡಿಯನ್ನು ಬೈದರು. ಬೈಯಲು ಬೇರೆ ಯಾರೂ ಉಳಿಯದಿದ್ದಾಗ ತಮ್ಮ ಸರದಿ ಬಂತು. ಜೀವಮಾನವೆಲ್ಲ ದಾವಣಗೆರೆಯ ನೂಲಿನ ಗಿರಣಿಯಲ್ಲಿ ದುಡಿದವರು ಅವರು. ಎಳೆಯನ್ನು ಬೆರಳಲ್ಲಿ ಹಿಡಿದರೆ ಸಾಕು, ಇದು ತಾಳುತ್ತದೆ, ಇದು ಹರಿಯುತ್ತದೆ ಎಂದು ಹೇಳುತ್ತಿದ್ದರು. ಈ ದಾರ ಹರಿಯುತ್ತದೆಂದು ಅವರಿಗೆ ಗೊತ್ತಿತ್ತು. ಪ್ರತಿ ದಿನ ಕಟ್ಟುವಾಗ ಗೊತ್ತಿತ್ತು. ಕಮಲಿ ಹೊಸೆದ ದಾರ ಬಿಡಲಾರದೆ ದೇವರನ್ನೇ ಜುಂಗಿನಲ್ಲಿ ನೇತುಹಾಕಿಕೊಂಡು ತಿರುಗಿದ್ದರು. ದೇವರು ಹೆಚ್ಚೋ ಹೆಂಡತಿ ಹೆಚ್ಚೋ ಎಂದು ಯಾರಾದರೂ ಕೇಳಿದ್ದರೆ ಅವರ ಕೆನ್ನೆಗೆ ಹೊಡೆಯುತ್ತಿದ್ದರು. ಉತ್ತರ ಮಾತ್ರ ಎದೆಯ ಮೇಲೇ ನೇತಾಡುತ್ತಿತ್ತು. ಮೇಲಾಗಿ, ಅದು ಬೀಳುವ ಹೊತ್ತಿನಲ್ಲಿ ತಾವು ಏನು ಮಾಡುತ್ತಿದ್ದರು? ನಗುತ್ತಿದ್ದರು. ಈ ಕೊನೆಯ ಸಿಟ್ಟು ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದನ್ನು ಹೊರಗೆ ಹಾಕಲು ಮುಂದೆ ಒಂದು ಮುಖವೂ ಇರಲಿಲ್ಲ.

ಸಂಜೆಯಾಯಿತು. ಆ ದೇಶದ ಬೇಸಿಗೆಯಲ್ಲಿ ಸಂಜೆ ಎಂದರೆ ಬರೀ ಮಾತು. ಸೂರ್ಯ ಸಮುದ್ರದ ಮೇಲೆ ಕೂತೇ ಇರುತ್ತಾನೆ. ಮಧುಶ್ರೀ ಬಂದು ಅಜ್ಜನ ಕೈ ಮುಟ್ಟಿ, ಬಿಸಿಯಾಗಿದೆ ಎಂದು ಅಪ್ಪನಿಗೆ ಹೇಳಿದಳು. ಶಿವಪ್ರಸಾದ ಬಂದು ನಾಡಿ ಹಿಡಿದ. ಆಂಬುಲೆನ್ಸ್ ಎನ್ನುವ ಮಾತು ಗಂಡ ಹೆಂಡಿರ ನಡುವೆ ಎರಡು ಸಲ ಕೇಳಿಸಿತು.

"ಅರ್ಧ ಗಂಟೆ ಕೊಡಿ," ಎಂದಳು ನಿವೇದಿತಾ. "ಮೇಲುಗಡೆ ಅಂಚಲ್ಲಿ ಯಾರೂ ನೋಡಿಲ್ಲ. ಅದಾದ್ಮೇಲೆ ನೀವು ಕರೀರಿ, ಮಾವ ಎಷ್ಟಾದ್ರೂ ಬೈಲಿ."

ದಿಬ್ಬದ ನೆತ್ತಿಯಿಂದ ಅವಳ ಕೂಗು ಕೇಳಿದಾಗ ಸಿದ್ದಲಿಂಗಪ್ಪನವರಿಗೆ ಮೊದಲು ಕನಸೆನಿಸಿತು. ಮಗನ ಹೆಗಲು ಹಿಡಿದು ಇಳಿಜಾರಿನ ಬುಡಕ್ಕೆ ಬಂದರು. ಮೇಲೆ, ಅವರು ಜಾರಲು ಕೂತ ಜಾಗಕ್ಕೆ ಸ್ವಲ್ಪ ಕೆಳಗೆ, ಅಡ್ಡ ಬಿಸಿಲಿಗೆ ಬೆಳ್ಳಿ ಮಿನುಗುತ್ತಿತ್ತು. ಕರಡಿಗೆಯ ಅರ್ಧ ಮಾತ್ರ ಕಾಣುತ್ತಿತ್ತು. ನಿವೇದಿತಾ ಅದರ ಪಕ್ಕ ಬೊಕ್ಕಬೋರಲು ಮಲಗಿ, ಮೈಯನ್ನೇ ಅಡ್ಡ ಕೊಟ್ಟು ಮೇಲಿನ ಮರಳನ್ನು ತಡೆದಿದ್ದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚಾಚಿರಲಿಲ್ಲ.

"ನಾನು ಮುಟ್ಟಿಲ್ಲ ಮಾವ! ಬೇಗ ಬನ್ನಿ, ಜಾರ್ತಾ ಇದೆ!"

ಸಿದ್ದಲಿಂಗಪ್ಪನವರು ಹತ್ತಿದರು. ಒಂದು ಹೆಜ್ಜೆ ಏರಿದರೆ ಕಾಲು ಮೊಳಕಾಲುದ್ದ ಹೂತು ಹಿಂದಕ್ಕೇ ಬಂತು. ನಾಲ್ಕು ಕಾಲಲ್ಲಿ ಹತ್ತಲು ನೋಡಿದರು; ಅವರು ಎಳೆದುಕೊಂಡ ಮರಳಿಗೆ ಮೇಲಿನ ಮರಳು ಅದುರಿ ಇಳಿಯಿತು. ಮಿನುಗುತ್ತಿದ್ದ ಬೆಳ್ಳಿ ಅರ್ಧದಿಂದ ಕಾಲುಭಾಗವಾಯಿತು. ಅವರು ಅಲ್ಲೇ ಮುಖ ಅಡಿಯಾಗಿ ಬಿದ್ದರು.

"ನಾನು ಹೋಗ್ಲಾ ಅಪ್ಪಾಜಿ?" ಎಂದ ಶಿವಪ್ರಸಾದ ಕೆಳಗಿನಿಂದ.

ಅವರು ಮರಳಿನಲ್ಲಿ ಮುಖವಿಟ್ಟುಕೊಂಡೇ ಇದ್ದರು.

"ನೀವು ಹೇಳಿದ್ರೆ ಮಾತ್ರ. ಮುಟ್ಟಲಾ?"

ಎದೆಯಿಂದ ಲಿಂಗ ತೆಗೆದು ಪಾಸ್‌ಪೋರ್ಟಿನ ಜೊತೆ ಇಟ್ಟವನ ಕೈ ಅದು. ತಾಯಿಯ ಸಮಾಧಿಯ ಮುಂದೆ ಬರಿಗೊರಳಲ್ಲಿ ನಿಂತವನ ಕೈ. ಮುಟ್ಟಬೇಡ ಎಂದರೆ ಶಾಸ್ತ್ರ ಉಳಿಯುತ್ತಿತ್ತು, ಲಿಂಗ ಮರಳಿನ ಪಾಲಾಗುತ್ತಿತ್ತು. ಮೇಲಿನಿಂದ ನಿವೇದಿತಾ, "ಮುಚ್ಕೊಳ್ತಾ ಇದೆ ಮಾವ!" ಎಂದು ಅಳುವ ದನಿಯಲ್ಲಿ ಕೂಗಿದಳು.

"ಇನ್ನೇನು ನೋಡ್ತಿ ಅಯೋಗ್ಯ!" ಎಂದು ಸಿದ್ದಲಿಂಗಪ್ಪನವರು ಅರಚಿದರು. "ಹೋಗು! ಮುಟ್ಟು!"

ಅವನು ಪಕ್ಕದಿಂದ ಸುತ್ತಿ ಏರಿದ. ಚಪ್ಪಲಿ ಕಳಚಿದ. ಎರಡೂ ಕೈಯನ್ನು ಮರಳಿನ ಅಡಿಗೆ ತೂರಿಸಿ, ಹಕ್ಕಿಯ ಗೂಡು ಎತ್ತುವಂತೆ ಮರಳಿನ ಸಮೇತ ಎತ್ತಿ, ಎದೆಗೆ ಒತ್ತಿಕೊಂಡು ಕುಳಿತಲ್ಲಿಂದಲೇ ಜಾರಿ ಕೆಳಗೆ ಬಂದ.

ಮರದ ನೆರಳಲ್ಲಿ ಸಿದ್ದಲಿಂಗಪ್ಪನವರು ಚಕ್ಕಂಬಕ್ಕಳ ಹಾಕಿ ಕೂತು ಎಡಗೈ ಚಾಚಿದರು. ಪೂಜೆ ಮಾಡದೆ, ತೀರ್ಥ ತೆಗೆದುಕೊಳ್ಳದೆ ಬರೀ ನೀರು ಕುಡಿಯುವಂತಿರಲಿಲ್ಲ. ಆದರೆ ಕೈ ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು. ಬಲಗೈಯಿಂದ ಹಿಡಿದುಕೊಂಡರೆ ಬಲಗೈಯೂ ಅದುರಿತು. ಈ ಅಂಗೈಯಲ್ಲಿಟ್ಟರೆ ಲಿಂಗ ಮತ್ತೆ ನೆಲಕ್ಕೆ ಬೀಳುವುದು ಖಂಡಿತ. ಎರಡು ಸಲ ಪ್ರಯತ್ನಿಸಿ, ಕೈ ಮಡಿಲಿಗೆ ಬಿಟ್ಟರು. ಬಹಳ ಹೊತ್ತು ಮಗನ ಮುಖ ನೋಡಲಿಲ್ಲ.

"ಕೈ ತೊಳ್ಕೊಂಡು ಬಾ," ಎಂದರು ಕಡೆಗೆ.

ಅವನು ತೊಳೆದುಕೊಂಡು, ತಂಬಿಗೆ ತುಂಬ ನೀರು ತಂದ.

"ಕೂತ್ಕೋ. ನೆಟ್ಟಗೆ. ಎಡಗೈ."

ಶಿವಪ್ರಸಾದ ಎದುರಿಗೆ ಕೂತು ಎಡ ಅಂಗೈ ಚಾಚಿದ. ಸಿದ್ದಲಿಂಗಪ್ಪನವರು ಕರಡಿಗೆ ಬಿಚ್ಚಿ, ಲಿಂಗವನ್ನು ಅವನ ಅಂಗೈಯಲ್ಲಿಟ್ಟರು. ನಡುಗುವ ಬೆರಳಿನಿಂದಲೇ ಅವನ ಹಣೆಗೆ ವಿಭೂತಿ ಎಳೆದರು, ಗೆರೆ ಸೊಟ್ಟಗಾಯಿತು. ಮಧುಶ್ರೀ ಅವ್ವನ ಸೆರಗಿಲ್ಲದ ಅಂಗಿಯನ್ನೇ ಹಿಡಿದುಕೊಂಡು ನೋಡುತ್ತಿದ್ದಳು. ನಿವೇದಿತಾಳ ಮೊಣಕೈ ತರಚಿ ರಕ್ತ ಬಂದಿತ್ತು. ಮುದುಕರು ಅದನ್ನು ನೋಡಿದರು, ಏನೋ ಹೇಳಬೇಕೆಂದು ಬಾಯಿ ತೆರೆದು, "ಅರಿಶಿನ ಹಚ್ಕೋಬಾರದಾ?" ಎಂದು ಗದರಿದರು.

ತಂಬಿಗೆ ಬಗ್ಗಿಸಿ ಮಗನ ಅಂಗೈಯ ಮೇಲಿನ ಲಿಂಗಕ್ಕೆ ನೀರೆರೆದರು. ಅದರ ಕಪ್ಪು ಮೈ ಮರಳಿನ ಕಣ ಕಳೆದುಕೊಂಡು ಹೊಳೆಯಿತು. ಅವರ ಬಾಯಿ ಪಂಚಾಕ್ಷರಿ ಹೇಳುತ್ತಿತ್ತು. ನಾಲಿಗೆ ಒಣಗಿ ಅಕ್ಷರ ಅಂಟಿಕೊಳ್ಳುತ್ತಿತ್ತು. ಶಿವಪ್ರಸಾದನ ತುಟಿಯೂ ಆಡುತ್ತಿತ್ತು, ಮರೆತಿರಲಿಲ್ಲ.

"ಇದರಿಂದ ಎಲ್ಲಾ ಸರಿಹೋಯ್ತು ಅಂತ ತಿಳ್ಕೋಬ್ಯಾಡ," ಎಂದರು ಮಂತ್ರದ ನಡುವೆಯೇ. "ನಿಮ್ಮವ್ವನ ಮುಂದೆ ನೀನು ನಿಂತಿದ್ದನ್ನ ನಾನು ಮರೆಯಲ್ಲ."

"ಗೊತ್ತು ಅಪ್ಪಾಜಿ."

"ಏನು ಗೊತ್ತು? ಏನೂ ಗೊತ್ತಿಲ್ಲ ನಿನಗೆ. ಬೆರಳು ಸೇರಿಸು, ನೀರು ಸೋರ್ತೈತಿ!"

ಅವನು ಬೆರಳು ಒತ್ತಿ ಹಿಡಿದ. ಸಿದ್ದಲಿಂಗಪ್ಪನವರು ತಲೆ ಬಗ್ಗಿಸಿ, ಮಗನ ಅಂಗೈಗೆ ತುಟಿ ಹಚ್ಚಿ ಕುಡಿದರು.